ಸಕ್ರೆ ಯಾರತ್ರ ಐತೆ?

ಮೈದಾ ಅಂಟಿನ ವಾಸನೆ ಬಂದರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ಮೊನ್ನೆ ರಾಬರ್ಟ್‌ಸನ್‌ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಗೋಡೆಗೆ ಪೋಸ್ಟರ್ ಹಚ್ಚುವವನೊಬ್ಬ ಬಕೆಟ್ ಇಟ್ಟುಕೊಂಡು ನಿಂತಿದ್ದ. ಬೆಂದ ಹಿಟ್ಟಿನ ಬೆಚ್ಚನೆ ವಾಸನೆ, ಅದರೊಳಗೆ ಸಣ್ಣ ಹುಳಿ, ಹುಳ ತಿನ್ನದಿರಲಿ ಎಂದು ಹಾಕಿದ ಮೈಲುತುತ್ತದಿಂದ ಹಳೇ ತಾಮ್ರದ ಬಿಂದಿಗೆಗೆ ಮೂಗಿಟ್ಟ ಹಾಗೆ ಒಂದು ಘಾಟು. ನಮ್ಮೂರಿನ ಬಸ್ಸು ಆಗಲೇ ಹೊರಟಿತ್ತು. ನಾನು ಬಸ್ಸಿನ ಕಡೆ ಓಡುವ ಬದಲು ವಾಸನೆಯ ಕಡೆ ತಿರುಗಿದೆ. ಎಡಗಾಲು ನೇರ ಬಕೆಟ್ಟಿನೊಳಗೆ ಹೋಯಿತು. "ಏನಮ್ಮಾ, ಕಣ್ಣು ಎಲ್ಲಿಕ್ಕೊಂಡಿದೀಯಾ?" ಎಂದ ಅವನು. "ಮೂಗಲ್ಲಿ ಐತಣ್ಣ" ಎಂದೆ. ಅವನಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಮುಂದಿನ ಬಸ್ಸಿನಲ್ಲಿ ಯಾರೋ ಬಿಸಾಕಿದ್ದ ಟಿಕೆಟ್ಟುಗಳು, ಕಡಲೆಕಾಯಿ ಸಿಪ್ಪೆ, ಒಂದು ಮಲ್ಲಿಗೆ ಮೊಗ್ಗು ಎಲ್ಲ ನನ್ನ ಪಾದಕ್ಕೆ ಅಂಟಿಕೊಂಡು, ಕ್ಯಾಸಂಬಳ್ಳಿ ದಾಟುವ ಹೊತ್ತಿಗೆ ಅದು ನಮ್ಮ ವರಲಕ್ಷ್ಮತ್ತೆ ಸಿಂಗರಿಸಿದ ಡಬ್ಬದ ಹಾಗೇ ಆಗಿತ್ತು. ನಾನು ನಗುತ್ತಿದ್ದೆ. ಪಕ್ಕದ ಹೆಂಗಸು ಮಾತ್ರ "ಯಾಕೆ ಮಗಾ ಅಳ್ತಾ ಇದೀಯಾ?" ಎಂದು ಕೇಳಿದಳು.

ಆ ಡಬ್ಬಗಳಿದ್ದ ಮನೆ ಈಗ ಇಲ್ಲ. ಹೆಂಚಿನ ಮನೆ, ಮಣ್ಣಿನ ಗೋಡೆ, ಬಸ್ಸು ಹೋಗುವ ರಸ್ತೆಗೇ ತೆರೆದುಕೊಂಡ ಬಾಗಿಲು. ಬೆಳಗ್ಗೆ ಎರಡು ಹಸುವಿನ ಉಸಿರು, ರಾಗಿ ಅಂಬಲಿಯ ಆವಿ, ಸೌದೆ ಹೊಗೆ ಎಲ್ಲ ಸೇರಿ ಅಡುಗೆಮನೆ ಒಂದು ದೊಡ್ಡ ಬೆಚ್ಚನೆಯ ಬಾಯಿಯ ಹಾಗಿರುತ್ತಿತ್ತು. ಅಪ್ಪ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಕೋರಮಂಡಲ್‌ನ ಚಿನ್ನದ ಗಣಿ ಕಾರ್ಮಿಕರ ಹಳೇ ಲೈನು ಮನೆಗಳಿಗೆ ಹಾಲು ಹಾಕಿ ಬರುತ್ತಿದ್ದ. ಗಣಿ ಮುಚ್ಚಿದ ಮೇಲೂ ಅಲ್ಲಿ ಉಳಿದಿದ್ದ ತಮಿಳು ಜನ ಅವನಿಗೆ ಖಾಲಿ ಬಿಸ್ಕತ್ತು ಡಬ್ಬ, ಮಕ್ಕಳ ಹಾಲುಪುಡಿ ಡಬ್ಬ ಕೊಡುತ್ತಿದ್ದರು. ಅಮ್ಮ ಹಸು ನೋಡುತ್ತಿದ್ದಳು, ಅಡುಗೆ ನೋಡುತ್ತಿದ್ದಳು, ಉಳಿದ ಹೊತ್ತಿನಲ್ಲಿ ನನ್ನನ್ನು ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದಳು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಪ್ಪನ ತಂಗಿ ವರಲಕ್ಷ್ಮತ್ತೆ ಒಂದು ಬಟ್ಟೆ ಬ್ಯಾಗು ಹಿಡಿದು ಗಂಡನ ಮನೆಯಿಂದ ಬಂದಳು. ಯಾಕೆ ಬಂದಳು ಎನ್ನುವುದು ನಲ್ಲಿಯ ಹತ್ತಿರ ದೊಡ್ಡ ಮಾತಾಯಿತು. "ಒಡೀಲಿಲ್ಲ, ಬಡೀಲಿಲ್ಲ. ಅತ್ತೆ ಅನ್ನೋಳು ಅಕ್ಕಿ ಡಬ್ಬಕ್ಕೆ ಬೀಗ ಆಕಿದ್ಳಂತೆ. ಅಷ್ಟಕ್ಕೇ ಬಂದ್ಬುಟ್ಲಂತೆ!" ಎಂದು ಕೊಡ ತುಂಬುವವರು ನಕ್ಕರು. ಒಂದು ಹಿಡಿ ಅಕ್ಕಿಗೂ, ಒಂದು ಚಮಚ ಸಕ್ಕರೆಗೂ ವರಲಕ್ಷ್ಮತ್ತೆ ಅವಳ ಮುಂದೆ ಹೋಗಿ ಕೈಯೊಡ್ಡಿ ನಿಲ್ಲಬೇಕಿತ್ತಂತೆ. ಬೀಗದ ಕೈ ಆ ಮುದುಕಿಯ ಸೊಂಟದಲ್ಲಿ. ಇದು ಮನೆ ಬಿಟ್ಟು ಬರುವಂಥ ಕಾರಣ ಎಂದು ಊರಿನಲ್ಲಿ ಯಾರೂ ಒಪ್ಪಲಿಲ್ಲ. ಅಪ್ಪ ಕೂಡ ಒಪ್ಪಲಿಲ್ಲ. "ಇವತ್ತಲ್ಲ ನಾಳೆ ಕಳಿಸ್ಬೇಕು" ಎಂದು ಅವನು ಅಮ್ಮನ ಹತ್ತಿರ ಪಿಸುಗುಟ್ಟಿದ್ದನ್ನು ನಾನು ಕೇಳಿಸಿಕೊಂಡೆ. ನಾನು ಕೇಳಿಸಿಕೊಂಡೆ ಅಂದರೆ ಅತ್ತೆಗೂ ತಿಳಿಯಿತು ಎಂದೇ ಅರ್ಥ. ನನ್ನ ಬಾಯಿಗೆ ಆಗ ಮುಚ್ಚಳವೇ ಇರಲಿಲ್ಲ.

ಅವತ್ತಿನಿಂದ ಅತ್ತೆ ಕೂತಲ್ಲಿ ಕೂರಲಿಲ್ಲ. ನಮ್ಮ ಮನೆ ಅಟ್ಟದ ಮೇಲೆ ಹಳೇ ಲಗ್ನಪತ್ರಿಕೆಗಳ ಒಂದು ಮೂಟೆಯೇ ಇತ್ತು. ನಿಮ್ಮ ಮನೆಯಲ್ಲೂ ಇದ್ದಿರಬೇಕು. ಮೂಲೆಗೆ ಅರಿಶಿನ ಹಚ್ಚಿದ, ಗಣಪತಿಯೋ ವೆಂಕಟರಮಣನೋ ಮೆರೆಯುವ ಕಾರ್ಡನ್ನು ಕಸಕ್ಕೆ ಹಾಕುವುದು ಹೇಗೆ, ಒಲೆಗೆ ಹಾಕುವುದು ಹೇಗೆ? ಹಾಗಾಗಿ ಅವು ಯಾರಿಗೂ ಬೇಡದೆ, ಯಾರೂ ಬಿಸಾಡದೆ ಉಳಿಯುತ್ತವೆ. ಅತ್ತೆ ಆ ಮೂಟೆ ಇಳಿಸಿದಳು. ತೆಂಗಿನ ಚಿಪ್ಪಿನಲ್ಲಿ ಮೈದಾ ಕಲಸಿ, ಮೈಲುತುತ್ತದ ಚೂರು ಹಾಕಿ, ಕೆಂಡದ ಮೇಲೆ ಕಾಯಿಸಿ, ಪರಕೆ ಕಡ್ಡಿಯಿಂದ ಸವರಿ ಡಬ್ಬಗಳಿಗೆ ಪತ್ರಿಕೆ ಅಂಟಿಸತೊಡಗಿದಳು. ಮೇಲಂಚಿಗೆ ಹರಿದ ಸೀರೆಯ ಜರಿ, ಕೆಳಗಂಚಿಗೆ ಒಡೆದ ಬಳೆ ಚೂರು, ನಡುವೆ ಚಮಕಿ, ಅಂಗಿ ಗುಂಡಿ, ಚಾಕಲೇಟಿನ ಬಣ್ಣದ ಕಾಗದ ಹಿಸುಕಿ ಮಾಡಿದ ಹೂವು. ದೇವರ ಚಿತ್ರ ಯಾವತ್ತೂ ಮುಚ್ಚಳದ ಹತ್ತಿರವೇ ಬರಬೇಕು. ಹುಡುಗಿಯ ಹೆಸರು ಮುಂದಕ್ಕೆ ಕಾಣಬೇಕು, ಗಂಡಿನ ಹೆಸರು ಗೋಡೆಯ ಕಡೆಗೆ. "ಯಾಕತ್ತೆ?" ಎಂದರೆ, "ಅಡಿಗೆಮನೇಲಿ ಗಂಡಸ್ರಿಗೇನು ಕೆಲ್ಸ? ಗೋಡೆ ನೋಡ್ಕೊಂಡಿರ್ಲಿ" ಎನ್ನುತ್ತಿದ್ದಳು. ಅವಳದೇ ಮದುವೆ ಕಾರ್ಡು ಎಲ್ಲಿ ಎಂದು ಕೇಳಿದ್ದಕ್ಕೆ, "ಅದ್ಕೆ ದೇವ್ರ ಚಿತ್ರ ಸರ್ಯಾಗಿ ಬಿದ್ದಿರ್ಲಿಲ್ಲ, ಒಲೆಗಾಕ್ದೆ" ಎಂದಳು.

ಹೀಗೆ ನಮ್ಮ ಅಡುಗೆಮನೆಯ ದಿನಸಿಗೆಲ್ಲ ಹೆಣ್ಣುಮಕ್ಕಳ ಹೆಸರು ಬಂತು. ತೊಗರಿಬೇಳೆ ಮಂಜುಳಾ. ಹುರುಳಿಕಾಳು ನಾಗವೇಣಿ. ಬೆಲ್ಲ ಸುಕನ್ಯಾ. ಕೋರಮಂಡಲ್‌ನಿಂದ ಬಂದ ತಮಿಳು ಕಾರ್ಡನ್ನು ನಮ್ಮಲ್ಲಿ ಓದುವವರಿರಲಿಲ್ಲ, ಅದರೊಳಗಿನ ಒಣಮೆಣಸಿನಕಾಯಿಗೆ "ತಮಿಳುಡುಗಿ" ಎಂದೇ ಹೆಸರು. ಏನು ಎಲ್ಲಿದೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ, ಯಾರ ಹತ್ತಿರ ಇದೆ ಎಂದು ಕೇಳುತ್ತಿದ್ದರು. ಅಮ್ಮ ಒಲೆ ಮುಂದಿನಿಂದ "ವರಾ, ಬೇಳೆ ಯಾರತ್ರ ಐತೆ?" ಎಂದು ಕೂಗುವುದು, ಹಿತ್ತಲಿನಿಂದ ಅತ್ತೆ "ಮಂಜುಳಾ ಅತ್ರ ಅತ್ಗೆ, ಎರಡ್ನೇ ಸಾಲು" ಎನ್ನುವುದು. ಬೀದಿಯಲ್ಲಿ ಹೋಗುವವರಿಗೆ ನಮ್ಮ ಮನೆಯಲ್ಲಿ ಇಪ್ಪತ್ತು ಜನ ಹೆಂಗಸರಿದ್ದಾರೆ ಎನ್ನಿಸುತ್ತಿತ್ತೋ ಏನೋ. ಅಮ್ಮನಿಗೆ ಇದು ಮೊದಮೊದಲು ತಮಾಷೆ, ಆಮೇಲೆ ತಲೆನೋವು. "ನನ್ನಡಿಗೆಮನೆಗೆ ನಾನೇ ನೆಂಟ್ರೋಳಾದೆ" ಎಂದು ಗೊಣಗುತ್ತಿದ್ದಳು. ಅಲ್ಲಿ ಬೀಗವಿರಲಿಲ್ಲ ನಿಜ. ಆದರೆ ಅತ್ತೆಯನ್ನು ಕೇಳದೆ ಒಂದು ಒಗ್ಗರಣೆಯೂ ಆಗುತ್ತಿರಲಿಲ್ಲ.

ನನಗೂ ಈ ಹುಚ್ಚು ಹತ್ತಿತು. ಅತ್ತೆ ಕತ್ತರಿ ಇಟ್ಟು ಎದ್ದರೆ ಸಾಕು, ನಾನು ಕೂರುತ್ತಿದ್ದೆ. ನನ್ನ ಜಡೆಯನ್ನೇ ಒಂದು ಸಲ ಹಾಲುಪುಡಿ ಡಬ್ಬಕ್ಕೆ ಅಂಟಿಸಿಕೊಂಡು, ಡಬ್ಬ ನೇತಾಡಿಸಿಕೊಂಡೇ ಸ್ಕೂಲಿಗೆ ಹೊರಟಿದ್ದೆ ಎಂದು ಅಪ್ಪ ಎಲ್ಲರಿಗೂ ಹೇಳುತ್ತಿದ್ದ. ಅದು ಸುಳ್ಳು, ಬಾಗಿಲವರೆಗೆ ಮಾತ್ರ ಹೋಗಿದ್ದೆ. ಆದರೆ ರೇಷನ್ ಕಾರ್ಡಿನ ಕಥೆ ನಿಜ. ಅದರ ಮೇಲೆ ಅಪ್ಪ ಅಮ್ಮನ ಹೆಸರು ಒಟ್ಟಿಗೆ ಇದ್ದದ್ದು ನೋಡಿ, ಇದು ಇವರಿಬ್ಬರ ಲಗ್ನಪತ್ರಿಕೆ ಎಂದು ತಿಳಿದು, ಅರಿಶಿನದ ಡಬ್ಬಕ್ಕೆ ಸುತ್ತಲೂ ಅಂಟಿಸಿ ಮೇಲೆ ಚಮಕಿ ಉದುರಿಸಿದ್ದೆ. ಮೈದಾ ಅಂಟು ಒಣಗಿದರೆ ಕಲ್ಲು. ಕೊನೆಗೆ ಅಪ್ಪ ಡಬ್ಬವನ್ನೇ ಕಂಕುಳಲ್ಲಿ ಇಟ್ಟುಕೊಂಡು ಅಕ್ಕಿ ತರಲು ಹೋದ. ಅಂಗಡಿಯವನು ಅದನ್ನು ಬುಗುರಿಯ ಹಾಗೆ ತಿರುಗಿಸುತ್ತಾ ಒಬ್ಬೊಬ್ಬರ ಹೆಸರು ಓದಿ, "ನಿನ್ನ ಎಸರ ಮೇಲೊಂದು ಉವ್ವ ಐತಲ್ಲಣ್ಣ" ಎಂದನಂತೆ. ಅಪ್ಪ ಮನೆಗೆ ಬಂದು ನನ್ನನ್ನು ಅಟ್ಟಿಸಿಕೊಂಡು ಹಸುವಿನ ಸುತ್ತ ಓಡಿದ. ಅತ್ತೆ ಹೊಟ್ಟೆ ಹಿಡಿದು ನಗುತ್ತಿದ್ದವಳು, ಹೊರಗೆ ಒಂದು ಬೈಕು ನಿಂತ ಸದ್ದಾದ ಕೂಡಲೇ ನಗು ನುಂಗಿಕೊಂಡಳು.

ಅದೇ ಅವಳ ಪಾಡು. ಬಾಗಿಲಲ್ಲಿ ಬೈಕು ನಿಂತರೆ, ಗಂಡನ ಊರಿದ್ದ ಬಂಗಾರಪೇಟೆ ಕಡೆಯಿಂದ ಬಂದ ಆಟೋ ನಿಧಾನ ಮಾಡಿದರೆ ಕೈಯಲ್ಲಿನ ಕತ್ತರಿ ಅಲ್ಲಿಗೇ ನಿಲ್ಲುತ್ತಿತ್ತು. ಅವಳನ್ನು ಕರೆದುಕೊಂಡು ಹೋಗಲು ಯಾರಾದರೂ ಬಂದರೋ ಎಂದು ಕಿವಿಯೆಲ್ಲ ರಸ್ತೆಯ ಮೇಲೆ. ಬಂದವರು ಅವರಲ್ಲ ಎಂದು ಗೊತ್ತಾದ ಮೇಲೆ ಕತ್ತರಿ ಮತ್ತೆ ಓಡುತ್ತಿತ್ತು, ಮೊದಲಿಗಿಂತ ಜೋರಾಗಿ. ಕಳವಳ ಹೆಚ್ಚಿದ ವಾರ ಡಬ್ಬಗಳೂ ಹೆಚ್ಚುತ್ತಿದ್ದವು. ಅಂಟಿಸಲು ಹೊಸ ಡಬ್ಬ ಇಲ್ಲದಿದ್ದರೆ ಹಳೆಯದರ ಮೇಲೆಯೇ ಇನ್ನೊಂದು ಸುತ್ತು. ನಾಗವೇಣಿಯ ಕೆಳಗೆ ಇನ್ನೂ ಇಬ್ಬರು ಹುಡುಗಿಯರಿದ್ದರು. ನನಗೂ ಆ ರೋಗ ಅಂಟಿತು. ಸ್ಕೂಲಿನಲ್ಲಿ ಕೂತಾಗಲೂ, ಈಗ ಅವರು ಬಂದಿರಬಹುದು, ನಾನು ಹೋಗುವಷ್ಟರಲ್ಲಿ ಅತ್ತೆ ಇರಲಾರಳು ಎನ್ನಿಸಿ ತೊಡೆ ಕುಣಿಯುತ್ತಿತ್ತು. ಮೇಷ್ಟ್ರು ನನಗೆ ಉಚ್ಚೆ ಅವಸರ ಎಂದು ತಿಳಿದು ಹೊರಗೆ ಕಳಿಸುತ್ತಿದ್ದರು. ನಾನು ಅಲ್ಲಿಂದ ಸೀದಾ ಮನೆಗೆ ಓಡಿಬಂದು, ಅತ್ತೆಯ ಬೆನ್ನು ಕಂಡ ಮೇಲೆ ವಾಪಸ್ಸು ಓಡುತ್ತಿದ್ದೆ. ಎಷ್ಟು ಹೊತ್ತು ಉಚ್ಚೆ ಹೊಯ್ಯುತ್ತಾಳೆ ಎಂದು ಇಡೀ ಕ್ಲಾಸು ಬೆರಗಾಗುತ್ತಿತ್ತು.

ಕೊನೆಗೊಂದು ದಿನ ಅವರು ಬಂದೇಬಿಟ್ಟರು. ಅತ್ತೆಯ ಗಂಡ, ಅವನ ತಾಯಿ, ಜೊತೆಗೆ ಅವರ ಊರಿನ ಒಬ್ಬ ಯಜಮಾನ. ಗಂಡ ನೋಡಲು ಸಾಧು, ಚಾಪೆಯ ಅಂಚಿನ ನಾರು ಕಿತ್ತುಕೊಂಡು ಕೂತಿದ್ದ. ಮಾತೆಲ್ಲ ಮುದುಕಿಯದು. ಸೊಂಟದಲ್ಲಿ ಬೀಗದ ಕೈ ಗೊಂಚಲು ಅವಳು ಅಲುಗಿದಾಗೆಲ್ಲ ಸದ್ದು ಮಾಡುತ್ತಿತ್ತು. ಅತ್ತೆಯನ್ನು ಗೋಡೆ ಪಕ್ಕ ಕೂರಿಸಿದ್ದರು. ಯಜಮಾನ "ತಪ್ಪೋ ಒಪ್ಪೋ, ಎಣ್ಣು ಗಂಡನ್ ಮನೇಲಿದ್ರೆ ಎಲ್ಲಾರ್ಗೂ ಮರ್ವಾದೆ" ಎಂದ. ಅಪ್ಪ ತಲೆ ಆಡಿಸುತ್ತಿದ್ದ. ಒಳಗೆ ಅಮ್ಮ ಕಾಫಿ ಇಟ್ಟಿದ್ದಳು. ನೆಂಟರ ಎದುರಿಗೆ ಅತ್ತೆಯನ್ನು ಕೂಗಿ ಕೇಳುವ ಹಾಗಿರಲಿಲ್ಲ. "ಲೇ ಚಿಟ್ಟಿ, ಸಕ್ರೆ ಯಾರತ್ರ ಐತೆ?" ಎಂದು ನನ್ನ ಕಿವಿಯಲ್ಲಿ ಕೇಳಿದಳು. ನನಗೆ ಎಲ್ಲ ಬಾಯಿಪಾಠ. "ಶೋಭಾ ಅತ್ರ" ಎಂದು ಸ್ಟೂಲು ಹತ್ತಿ ಇಳಿಸಿಕೊಟ್ಟೆ. ನಮ್ಮಲ್ಲಿ ಇಬ್ಬರು ಶೋಭಾ ಇದ್ದರು. ಇಬ್ಬರದೂ ಒಂದೇ ಅಳತೆಯ ಪ್ಲಾಸ್ಟಿಕ್ ಡಬ್ಬ, ಇಬ್ಬರ ತಲೆಯ ಮೇಲೂ ಗಣಪತಿ. ಒಬ್ಬಳ ಹತ್ತಿರ ಸಕ್ಕರೆ, ಇನ್ನೊಬ್ಬಳ ಹತ್ತಿರ ಪುಡಿ ಉಪ್ಪು. ಅತ್ತೆ ಅವರನ್ನು ಗುರುತಿಸುತ್ತಿದ್ದದ್ದು ಗಂಡಂದಿರ ಹೆಸರಿನಿಂದ. ಆ ಗಂಡಂದಿರು ಗೋಡೆ ನೋಡಿಕೊಂಡಿದ್ದರಲ್ಲ! ಹೊಗೆ ತುಂಬಿದ ಅಡುಗೆಮನೆ, ಅಮ್ಮನ ಕಿವಿ ಹೊರಗಿನ ಮಾತಿನ ಮೇಲೆ. ಲೋಟಕ್ಕೆರಡು ಚಮಚ, ನೆಂಟರೆಂದು ಮೇಲೊಂದು ಚಮಚ.

ಹೊರಗೆ ಅಪ್ಪ ಗಂಟಲು ಸರಿಮಾಡಿಕೊಂಡು "ಆಯ್ತು ಬಿಡಿ, ಈ ಸುಕ್ರವಾರ ನಾನೇ ಕರ್ಕೊಂಡ್ ಬಂದು..." ಎನ್ನುವಷ್ಟರಲ್ಲಿ ನಾನು ತಟ್ಟೆ ಹಿಡಿದು ಹೋದೆ. ಮುದುಕಿ ಮೊದಲ ಗುಟುಕಿಗೇ ಕಣ್ಣು ಅಗಲ ಮಾಡಿದಳು. ಯಜಮಾನ ನುಂಗಿಬಿಟ್ಟ, ಪಾಪ, ಮರ್ಯಾದಸ್ಥ. ಗಂಡ ಮಾತ್ರ ತನ್ನ ತಾಯಿಯ ಮುಖ ನೋಡಿಕೊಂಡು ಇನ್ನೊಂದು ಗುಟುಕು ಕುಡಿದ. ಮುದುಕಿ ಬಾಗಿಲ ಆಚೆ ಉಗುಳಿ ಬಂದು, "ಥೂ, ಉಪ್ಪು! ಏನಮ್ಮಾ, ಈ ಮನೇಲಿ ಯಾವ ಡಬ್ಬದಾಗೆ ಏನೈತೆ ಅಂತಾನೂ ಗೊತ್ತಿಲ್ವಾ ನಿಮ್ಗೆ?" ಎಂದು ಕೂಗಿದಳು. ನನ್ನ ಜೀವ ಹೋಯಿತು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. ನನ್ನ ಕಿವಿ ಹಿಂಡುತ್ತಾಳೆ ಎಂದುಕೊಂಡೆ. ಅವಳು ನನ್ನನ್ನು ನೋಡಲೇ ಇಲ್ಲ. "ಗೊತ್ತಿಲ್ಲ ಕಣಮ್ಮ" ಎಂದಳು. "ನಮ್ಮನೇಲಿ ಅದು ಗೊತ್ತಿರೋದು ವರ ಒಬ್ಬಳಿಗೇ. ಅವಳ್ನ ಕರ್ಕೊಂಡೋದ್ರೆ ನಾವು ದಿನಾ ಇದೇ ಕಾಫಿ ಕುಡೀಬೇಕು. ಅವಳ್ನ ಕಳ್ಸಕ್ಕಾಗಲ್ಲ, ಓಗಿ."

ಯಜಮಾನ ಲೋಟ ಕೆಳಗಿಟ್ಟು ಎದ್ದ. ಅಪ್ಪ ಆ ಶುಕ್ರವಾರವನ್ನು ಅರ್ಧಕ್ಕೇ ಬಿಟ್ಟು, ತನ್ನ ಲೋಟ ಎತ್ತಿ ಒಂದು ಗುಟುಕು ಕುಡಿದು, ಮುಖ ಕಿವುಚಿದ. ಗೋಡೆ ಪಕ್ಕ ಅತ್ತೆ ಮಂಡಿಯಲ್ಲಿ ಮುಖ ಇಟ್ಟುಕೊಂಡಿದ್ದಳು, ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದು ನಾನು ಹತ್ತಿರ ಹೋದೆ. "ಯಾವ ಶೋಭಾನ ಕೊಟ್ಯೇ, ಮುಂಡೇದೆ?" ಎಂದು ನನ್ನ ಕಿವಿಯಲ್ಲಿ ಉಸಿರುಗಟ್ಟಿ ನಕ್ಕಳು.

ಆಮೇಲೆ ನಮ್ಮ ಬಾಗಿಲಲ್ಲಿ ಎಷ್ಟೋ ಬೈಕು ನಿಂತವು. ಕತ್ತರಿ ನಿಲ್ಲಲಿಲ್ಲ. ಅತ್ತೆ ನಮ್ಮ ಜೊತೆಯೇ ಉಳಿದಳು, ಹಾಲು ಕರೆದಳು, ನನ್ನನ್ನು ಎಸ್‌ಎಸ್‌ಎಲ್‌ಸಿ ದಾಟಿಸಿದಳು, ಅಮ್ಮನ ಹತ್ತಿರ ದಿನಕ್ಕೊಂದು ಜಗಳ ಆಡಿದಳು. ಈಗ ನಾನು ಪೇಟೆಯಲ್ಲಿ ಕೆಲಸ ಮಾಡುವುದು ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯಲ್ಲಿ. ಒಂದು ಸಲ ಮದುಮಗಳ ಜಾಗದಲ್ಲಿ ಅವಳ ಅತ್ತೆಯ ಹೆಸರು ಕೂರಿಸಿ ಇನ್ನೂರು ಕಾರ್ಡು ಹೊಡೆದಿದ್ದೇನೆ. ಇತ್ತೀಚೆಗೆ ಜನ ಮೊಬೈಲಿಗೆ ಹೋಗುವ ಕಾರ್ಡೇ ಸಾಕು ಎನ್ನುತ್ತಾರೆ. ಅದನ್ನು ಯಾವ ಡಬ್ಬಕ್ಕೆ ಅಂಟಿಸುವುದು ಎಂದು ಕೇಳಲು ವರಲಕ್ಷ್ಮತ್ತೆ ಇಲ್ಲ. ಜ್ವರ ಎಂದು ಮಲಗಿದವಳು ಏಳಲಿಲ್ಲ. ಮರುವರ್ಷ ಹಳೇ ಮನೆ ಕೆಡವಿ, ಅದೇ ಜಾಗದಲ್ಲಿ ತಾರಸಿ ಮನೆ ಕಟ್ಟಿದೆವು. ಡಬ್ಬಗಳನ್ನು ಹಿತ್ತಲಿಗೆ ಹಾಕಿದ್ದೆವು. ಗಾರೆ ಕೆಲಸದವರು ಅವನ್ನು ತೆಗೆದುಕೊಂಡು ಹೊಸ ಗೋಡೆಗಳಿಗೆ ನೀರು ಎರಚಿದರು. ದಿನವೂ ತೊಟ್ಟಿಯಲ್ಲಿ ಮುಳುಗಿ ಎದ್ದು ಕಾಗದ ನೆನೆಯಿತು, ಜರಿ ಬಿಚ್ಚಿತು. ಮಂಜುಳಾ, ನಾಗವೇಣಿ, ತಮಿಳುಡುಗಿ ಒಬ್ಬೊಬ್ಬರಾಗಿ ತೊಟ್ಟಿಯ ನೀರಿಗೆ ಬಿಟ್ಟುಕೊಂಡರು. ಅಮ್ಮ ನಿಂತು ನೋಡಿದಳು, ಬೇಡ ಎನ್ನಲಿಲ್ಲ.

ಹೊಸ ಅಡುಗೆಮನೆಯಲ್ಲಿ ಸಾಲಾಗಿ ಗಾಜಿನ ಡಬ್ಬಗಳಿವೆ. ಬೇಳೆ ಬೇಳೆಯ ಹಾಗೆ, ಸಕ್ಕರೆ ಸಕ್ಕರೆಯ ಹಾಗೆ ಹೊರಗಿನಿಂದಲೇ ಕಾಣುತ್ತವೆ. ನಿನ್ನೆ ಬೆಳಗ್ಗೆ ನಾನು ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಅಮ್ಮ ಕಾಫಿ ಸೋಸಿ, ಸಕ್ಕರೆ ಡಬ್ಬದ ಮುಂದೆಯೇ ನಿಂತು, ಹಿತ್ತಲಿನ ಕಡೆ ತಿರುಗಿ "ಸಕ್ರೆ ಯಾರತ್ರ ಐತೆ?" ಎಂದಳು.

"ಅಮ್ಮಾ, ಕಣ್ಮುಂದೇನೇ ಐತಲ್ಲ, ಕಾಣ್ತಾ ಇಲ್ವಾ?" ಎಂದೆ.

"ಕಾಣ್ತೈತೆ ಕಣೇ" ಎಂದಳು. ಆದರೂ ಮುಚ್ಚಳದ ಮೇಲೆ ಕೈ ಇಟ್ಟುಕೊಂಡು, ತೆಗೆಯದೆ, ಹಿತ್ತಲಿನ ಕಡೆಯೇ ನೋಡುತ್ತಿದ್ದಳು. ಹೊರಗೆ ನನ್ನ ಬಸ್ಸು ಹಾರ್ನ್ ಹೊಡೆದು ಮುಂದಕ್ಕೆ ಹೋಯಿತು.