ವಾರಿಜಕ್ಕ ಬಿಚ್ಚದೆ ಇಟ್ಟದ್ದು

ವಾರಿಜಕ್ಕ ಕೊಂಡು ತಂದದ್ದನ್ನು ಬಿಚ್ಚುತ್ತಿರಲಿಲ್ಲ. ಚೀಲ ಅಂಗಡಿಯವನ ಕೈಯಿಂದ ಹೇಗೆ ಬಂದಿತ್ತೋ ಹಾಗೆಯೇ, ಬಾಯಿಗೆ ಹೊಡೆದ ಪಿನ್ನು ಕೂಡ ತೆಗೆಯದೆ, ಮಂಚದ ಕೆಳಗಿನ ಪೆಟ್ಟಿಗೆ ಸೇರುತ್ತಿತ್ತು. ಮಂಚ ತುಂಬಿದ ಮೇಲೆ ಅಡಿಗೆಮನೆಯ ಅಟ್ಟ, ಅಟ್ಟ ತುಂಬಿದ ಮೇಲೆ ವಾಷಿಂಗ್ ಮಶೀನಿನ ಹಿಂದಿನ ಸಂದಿ. ಬೆಡ್‌ಶೀಟು, ನೈಟಿ, ಸ್ಟೀಲ್ ಡಬ್ಬಿ, ಚಪ್ಪಲಿ, ಗೋಡೆ ಗಡಿಯಾರ. ಮೂರೇ ಜನರಿದ್ದ ಆ ಮನೆಯಲ್ಲಿ ಹನ್ನೊಂದು ಕೊಡೆಗಳಿದ್ದವು. ಆದರೂ ಜುಲೈ ತಿಂಗಳಲ್ಲಿ ವಾರಿಜಕ್ಕ ಕಡ್ಡಿ ಮುರಿದ ಹಳೇ ಕೊಡೆ ಹಿಡಿದು, ಒಂದು ಭುಜ ನೆನೆಸಿಕೊಂಡು ತರಕಾರಿಗೆ ಹೋಗುತ್ತಿದ್ದರು.

ವಡಾಲದ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿದ ವರ್ಷ ನಾನು ಆಂಟಾಪ್ ಹಿಲ್‌ನ ಆ ಬಿಲ್ಡಿಂಗಿಗೆ ಬಂದೆ. ಒಂಟಿ ಹೆಂಗಸಿಗೆ ಮನೆ ಕೊಡಲು ಹತ್ತು ಜನ ಹಿಂದೆಮುಂದೆ ನೋಡಿದ್ದರು. ಸಾಮಾನು ಏರಿಸುತ್ತಿದ್ದಾಗ ಎದುರು ಬಾಗಿಲು ತೆರೆಯಿತು. "ಊರು ಯಾವುದು? ಕಾರ್ಕಳವಾ! ಹಾಗಾದರೆ ಊಟ ನಮ್ಮಲ್ಲಿ. ಎಂತ ನೋಡ್ತೀ, ಬಾ ಒಳಗೆ." ಅದು ವಾರಿಜಕ್ಕ. ಕಟ್ಟುಮಸ್ತು ಗಿಡ್ಡ ಆಳು, ಹಣೆಯಲ್ಲಿ ದೊಡ್ಡ ಬೊಟ್ಟು, ಮೊಣಕಾಲು ನೋವಿನಿಂದ ಸ್ವಲ್ಪ ವಾಲಿಕೊಂಡು ನಡೆಯುವ ನಡಿಗೆ. ಅವರ ಗಂಡ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದು ಆಗಷ್ಟೇ ತೀರಿಕೊಂಡಿದ್ದರು. ಮಗ ಪ್ರಶಾಂತ ವಿಮೆ ಕಂಪನಿಯಲ್ಲಿದ್ದ. ಸೊಸೆ ಮೃಣಾಲ್ ಮರಾಠಿಯವಳು, ಅತ್ತೆಯನ್ನು 'ಆಯೀ' ಎಂದು ಕರೆಯುತ್ತಿದ್ದಳು.

ಶನಿವಾರ ಮಧ್ಯಾಹ್ನ ನನಗೆ ಶಾಲೆ ಇರಲಿಲ್ಲ. "ಮಾಟುಂಗಕ್ಕೆ ಹೋಗುವಾ, ಸುಮ್ಮನೆ ನೋಡಿಕೊಂಡು ಬರುವಾ. ನೋಡಿದರೆ ದುಡ್ಡು ಕೇಳ್ತಾರಾ?" ಎಂದು ವಾರಿಜಕ್ಕ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಂತೆ ಅವರ ಮೊಣಕಾಲು ನೋವು ಎಲ್ಲಿಗೆ ಹೋಗುತ್ತಿತ್ತೋ. ಬೆನ್ನು ನೆಟ್ಟಗಾಗುತ್ತಿತ್ತು. ಬಟ್ಟೆಯನ್ನು ಹೆಬ್ಬೆರಳಲ್ಲಿ ಒಮ್ಮೆ ಉಜ್ಜಿ, "ಇದರಲ್ಲಿ ಪಾಲಿಸ್ಟರ್ ಉಂಟು ಭಾಯ್, ಹಮ್ಕೋ ಮತ್ ಬನಾವ್" ಎನ್ನುತ್ತಿದ್ದರು. ಅಂಗಡಿಯವರು ನಗುತ್ತ ಒಳಗಿನಿಂದ ಒಳ್ಳೆಯದನ್ನು ತರುತ್ತಿದ್ದರು, ಸ್ಟೂಲ್ ಎಳೆದು ಕೂರಿಸುತ್ತಿದ್ದರು, ಚಾ ತರಿಸುತ್ತಿದ್ದರು. ಆ ಹೊತ್ತಿನ ವಾರಿಜಕ್ಕನನ್ನು ನೋಡುವುದೇ ನನಗೊಂದು ಸಂತೋಷ. ಅವರ ಮುಖ ಹತ್ತು ವರ್ಷ ಎಳೆಯದಾಗುತ್ತಿತ್ತು.

ಬಸ್ಸು ಹತ್ತಿದ ಮೇಲೆ ಎಲ್ಲವೂ ಇಳಿದುಹೋಗುತ್ತಿತ್ತು. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದರು. ನಾನು ಏನಾದರೂ ಕೇಳಿದರೆ 'ಹ್ಞಾಂ' ಅಷ್ಟೆ. ನಮ್ಮ ಮಹಡಿಗೆ ಬಂದು, ತಮ್ಮ ಬಾಗಿಲಿನ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ, "ಶಾಲಿನಿ, ಇದು ಇವತ್ತು ನಿನ್ನಲ್ಲೇ ಇರಲಿ ಮಾರಾಯ್ತಿ. ನಾಳೆ ತೆಗೊಂಡು ಹೋಗ್ತೇನೆ" ಎನ್ನುತ್ತಿದ್ದರು. ಆ ನಾಳೆ ಬರುತ್ತಿರಲಿಲ್ಲ. ನನ್ನ ಕಪಾಟಿನ ಕೆಳಗಿನ ಎರಡು ಖಾನೆ ಅವರದಾಯಿತು, ಆಮೇಲೆ ಇಡೀ ಕಪಾಟು.

ನಾನು ಇದನ್ನು ಸ್ಟಾಫ್ ರೂಮಿನಲ್ಲಿ ತಮಾಷೆಯಾಗಿ ಹೇಳಿ ನಗಿಸಿದ್ದೇನೆ. ಈಗ ಆ ನಗು ನೆನಪಾದರೆ ಕಿವಿ ಬಿಸಿಯಾಗುತ್ತದೆ. ಅದು ಚಟ, ಅದೊಂದು ಸಂಕಟ ಎಂದು ನನಗೆ ಆಗ ಹೊಳೆಯಲಿಲ್ಲ. ಅಮಲಿನ ಚಟವಾದರೆ ವಾಸನೆ ಬರುತ್ತದೆ, ಮನೆಯವರಿಗೆ ತಿಳಿಯುತ್ತದೆ. ಇದಕ್ಕೆ ಹೊಸ ಬಟ್ಟೆಯ ವಾಸನೆ. ಯಾರಿಗೆ ಅನುಮಾನ ಬಂದೀತು?

ಮೊಣಕಾಲು ತೀರ ಕೆಟ್ಟು ಮೆಟ್ಟಿಲಿಳಿಯುವುದು ಕಷ್ಟವಾದಾಗ ಪ್ರಶಾಂತ ಅವರಿಗೊಂದು ಒಳ್ಳೆಯ ಫೋನು ಕೊಡಿಸಿದ. ಹೊತ್ತು ಹೋಗಲಿ, ಊರಿನವರೊಡನೆ ಮಾತಾಡಲಿ, ಬೇಕಾದ್ದನ್ನು ಮನೆಗೇ ತರಿಸಿಕೊಳ್ಳಲಿ ಎಂದು. ಪ್ರೀತಿಯಿಂದಲೇ ಕೊಡಿಸಿದ್ದು. ಅಂದಿನಿಂದ ಅಂಗಡಿ ಅವರ ಅಂಗೈಗೆ ಬಂತು. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ, ಹನ್ನೊಂದರಿಂದ ನಾಲ್ಕರೊಳಗೆ ಪಾರ್ಸೆಲ್ಲುಗಳು ಬರುತ್ತಿದ್ದವು. ತಂದವರನ್ನು ಕೂರಿಸಿ ನೀರು, ಬೇಸಿಗೆಯಾದರೆ ಮಜ್ಜಿಗೆ ಕೊಡುತ್ತಿದ್ದರು. ಒಂದು ರಜೆಯ ದಿನ ನಾನೇ ಕೇಳಿದೆ, "ವಾರಿಜಕ್ಕ, ಬಿಚ್ಚಿ ನೋಡುವುದಾದರೂ ಬೇಡವಾ?"

"ಬಿಚ್ಚಿದರೆ ಮುಗೀತಲ್ಲ" ಎಂದರು. ಆಮೇಲೆ ಏನೋ ತಪ್ಪು ಹೇಳಿದವರಂತೆ ನಕ್ಕರು.

ವೈದ್ಯರು ಮೊಣಕಾಲಿಗೆ ಆಪರೇಷನ್ ಆಗಲೇಬೇಕು ಎಂದದ್ದು ಅದೇ ವರ್ಷದ ಕೊನೆಗೆ. ಗಂಡ ವಾರಿಜಕ್ಕನ ಹೆಸರಿನಲ್ಲೇ ಬ್ಯಾಂಕಿನಲ್ಲಿ ಇಟ್ಟುಹೋದ ಹಣವಿತ್ತು. ಅದು ಇಂಥದ್ದಕ್ಕೇ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಹಣ. ಪ್ರಶಾಂತ ವಿಚಾರಿಸಲು ಬ್ಯಾಂಕಿಗೆ ಹೋದ. ಅಲ್ಲಿ ಏನೂ ಉಳಿದಿರಲಿಲ್ಲ. ಸ್ವಲ್ಪ ಸ್ವಲ್ಪವಾಗಿ ವಾರಿಜಕ್ಕನೇ ತೆಗೆದಿದ್ದರು.

ಅವನು ನೇರ ನನ್ನ ಮನೆಗೆ ಬಂದ. ಅಂಗಿಯೆಲ್ಲ ಬೆವರು, ಮುಖ ಬಿಳುಚಿತ್ತು. ಅವನ ಕನ್ನಡ ಹೆದರಿಕೆಯಾದಾಗ ಹಿಂದಿಗೆ ಜಾರುತ್ತದೆ. "ಆಂಟಿ, ಸಚ್ ಬತಾವ್. ನಿಮಗೆ ಗೊತ್ತಿತ್ತಾ? ಅಮ್ಮಾ ಪೈಸಾ ಯಾರಿಗೆ ಕೊಟ್ಟದ್ದು? ಯಾರಾದರೂ ಫಸಾಯಾ ಕ್ಯಾ ಉಸ್ಕೋ?"

ಯಾರೋ ತಾಯಿಗೆ ಮೋಸ ಮಾಡಿದ್ದಾರೆ ಎಂದು ಅವನು ನಂಬಿದ್ದ. ಪೊಲೀಸ್ ಸ್ಟೇಷನ್ನಿಗೆ ಹೊರಟು ನಿಂತಿದ್ದ. ನಾನು ಅವನನ್ನು ಒಳಗೆ ಕರೆದುಕೊಂಡು ಹೋಗಿ ಕಪಾಟಿನ ಬಾಗಿಲು ತೆಗೆದೆ. ಒತ್ತೊತ್ತಾಗಿ ತುಂಬಿದ್ದ ಚೀಲಗಳಲ್ಲಿ ಎರಡು ಮೂರು ಅವನ ಕಾಲಬುಡಕ್ಕೆ ಬಿದ್ದವು.

ತಿರುಗಿ ನೋಡಿದರೆ ವಾರಿಜಕ್ಕ ನನ್ನ ಹೊಸ್ತಿಲಲ್ಲಿ ಗೋಡೆ ಹಿಡಿದು ನಿಂತಿದ್ದರು. ಮಗನ ಕಡೆ ನೋಡಲಿಲ್ಲ. ನನ್ನನ್ನೇ ನೋಡಿ, ಬಹಳ ಮೆಲ್ಲಗೆ, "ನೀನೇ ತೆಗೆದಿಯಾ ಬಾಗಿಲು?" ಎಂದರು. ಅಷ್ಟು ಹೇಳಿ ಹೋದರು.

ಆ ಭಾನುವಾರ ಪ್ರಶಾಂತ ಮಂಚದ ಪೆಟ್ಟಿಗೆಯಿಂದ, ಅಟ್ಟದಿಂದ, ಸಂದಿಗಳಿಂದ ಎಲ್ಲವನ್ನೂ ಎಳೆದು ಹೊರಗೆ ಪ್ಯಾಸೇಜಿಗೆ ಹಾಕಿದ. ಮನೆಯೊಳಗೆ ಕಾಲಿಡಲು ಜಾಗವಿಲ್ಲವಾದದ್ದಕ್ಕೆ ಹಾಕಿದನೇ ಹೊರತು ತಾಯಿಯನ್ನು ನಾಚಿಸಬೇಕೆಂದಲ್ಲ. ಆದರೆ ನಾಲ್ಕು ಮಹಡಿಯ ಜನ ಬಂದು ನೋಡಿದರು. ಯಾರೋ ನಕ್ಕರು. ಯಾರೋ "ಸೇಲ್ ಹೈ ಕ್ಯಾ?" ಎಂದರು. ವಾರಿಜಕ್ಕ ಒಳಗಿನಿಂದ ಬಂದು, ನೋವಿನ ಕಾಲನ್ನು ನೀಡಿಕೊಂಡು ನೆಲದ ಮೇಲೆ ಕೂತು, ಚೆಲ್ಲಿದ ಚೀಲಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸತೊಡಗಿದರು.

ಒಂದು ಪ್ಯಾಕೆಟ್ಟು ಹರಿದು ಗಂಡಸರ ಅಂಗಿಯೊಂದು ಹೊರಬಂತು. ಪ್ರಶಾಂತ ಎತ್ತಿ ಕಾಲರ್ ನೋಡಿದ. ಇನ್ನೊಂದು ಚೀಲ ತೆಗೆದು ನೋಡಿದ. ಅದರಲ್ಲೂ ಅಂಗಿ, ಅದೇ ಅಳತೆ.

"ಇದು ನನಗಾ?"

"ಹೂಂ."

"ಮತ್ತೆ ಕೊಡಲಿಲ್ಲ ಯಾಕೆ?"

"ದುಡ್ಡು ಎಲ್ಲಿಂದ ಅಂತ ಕೇಳ್ತೀಯಲ್ಲ ಮಗಾ" ಎಂದರು ವಾರಿಜಕ್ಕ.

ಅವನು ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಮೃಣಾಲ್ ಬಂದು ನೋಡುತ್ತಿದ್ದ ಜನರನ್ನೆಲ್ಲ ಕಳಿಸಿದಳು.

ಪರೇಲ್ ಕಡೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಯ ವಿಭಾಗಕ್ಕೆ ಅವರನ್ನು ಕರೆದುಕೊಂಡು ಹೋದವಳು ನಾನೇ. ಬಾಗಿಲು ತೆಗೆದವಳು ನಾನಾದ್ದರಿಂದ ಅಷ್ಟಾದರೂ ಮಾಡಬೇಕು ಅನ್ನಿಸಿತ್ತು. ಮೊದಲ ಎರಡು ವಾರ ವಾರಿಜಕ್ಕ ದಾರಿಯಲ್ಲಿ ಮಾತಾಡಲಿಲ್ಲ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ಆತುರವಿಲ್ಲದವಳು. ಅವಳು ಹಿಂದಿಯಲ್ಲಿ ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ವಸ್ತುವಿನ ಆಸೆ ಅಲ್ಲ ಇದು. ಒಳಗೆ ಏನೋ ಹಿಂಡುತ್ತದೆ, ಕೊಳ್ಳುವ ಹೊತ್ತಿಗೆ ಅದು ಸಡಿಲವಾಗುತ್ತದೆ. ಮನೆಗೆ ಬಂದ ಕೂಡಲೇ ನಾಚಿಕೆ. ನಾಚಿಕೆ ಮತ್ತೆ ಹಿಂಡುತ್ತದೆ, ಮತ್ತೆ ಅಂಗಡಿ. "ಬಯ್ಯಬೇಡಿ. ಬೈದಷ್ಟೂ ಅವರು ಹೆಚ್ಚು ಅಡಗಿಸುತ್ತಾರೆ, ಹೆಚ್ಚು ಕೊಳ್ಳುತ್ತಾರೆ" ಎಂದಳು. ಔಷಧಿ ಬರೆದಳು. ಬೇಕು ಅನ್ನಿಸಿದ್ದನ್ನು ಒಂದು ಕಾಗದದಲ್ಲಿ ಬರೆದು ವಾರ ಕಾಯಲು ಹೇಳಿದಳು.

ಮೂರನೇ ಸಲ ಹೋದಾಗ ನಮ್ಮ ನಂಬರ್ ಬರಲು ತಡವಾಯಿತು. ಬೆಂಚಿನ ಮೇಲೆ ಕೂತಿದ್ದಾಗ ವಾರಿಜಕ್ಕ ತಾವಾಗಿಯೇ ಬಾಯಿ ಬಿಟ್ಟರು.

ಹನ್ನೊಂದನೇ ವಯಸ್ಸಿನಲ್ಲಿ ಸೋದರಮಾವ ಅವರನ್ನು ಊರಿನಿಂದ ಕುರ್ಲಾದ ಚಾಳಿನಲ್ಲಿದ್ದ ತಮ್ಮ ಮನೆಗೆ ಕರೆತಂದರಂತೆ. ಶಾಲೆಗೆ ಹಾಕುತ್ತೇನೆ ಎಂದಿದ್ದರು. ಬಂದ ಮೇಲೆ ಮಾವನ ನಾಲ್ಕು ಮಕ್ಕಳನ್ನು ನೋಡಿಕೊಳ್ಳುವುದೇ ಕೆಲಸ. "ಒಂದು ದೀಪಾವಳಿಗೆ ಎಲ್ಲರನ್ನೂ ಅಂಗಡಿಗೆ ಕರ್ಕೊಂಡು ಹೋದ್ರು ಮಾವ. ಸಣ್ಣದನ್ನು ಎತ್ತಿಕೊಳ್ಳಲಿಕ್ಕೆ ನಾನು. ಎಲ್ಲರಿಗೂ ಕೊಟ್ಟಾದ ಮೇಲೆ ಅಂಗಡಿಯವ ನನ್ನ ಹತ್ತಿರ ಕೇಳಿದ, 'ತುಲಾ ಕಾಯ್ ಪಾಯ್ಜೆ ಬಾಳಾ?' ಅಂತ. ನಿನಗೆ ಎಂತ ಬೇಕು ಮಗಾ ಅಂತ. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಗೊತ್ತುಂಟಾ? ನಾನು ಒಂದು ಫ್ರಾಕು ತೋರಿಸಿದೆ. ಅವ ತೆಗೆದು ನನ್ನ ಹೆಗಲಿಗೆ ಹಿಡಿದು ನೋಡಿದ. ಅಷ್ಟರಲ್ಲಿ ಮಾವ ನಕ್ಕು, 'ಅವಳಿಗಲ್ಲ, ಅವಳು ಕೆಲಸಕ್ಕೆ ಬಂದವಳು' ಅಂದ್ರು. ಅವ ಫ್ರಾಕನ್ನು ಮಡಚಿ ಮೇಲೆ ಇಟ್ಟ. ಕೆಲಸಕ್ಕೆ ಬಂದವಳು ಅಂತ ನನಗೆ ಆವತ್ತೇ ಗೊತ್ತಾದದ್ದು. ನಾನು ಸೋದರಸೊಸೆ ಅಂತ ತಿಳ್ಕೊಂಡಿದ್ದೆ."

"ಅದಕ್ಕೇ ಇರಬೇಕು ವಾರಿಜಕ್ಕ" ಎಂದುಬಿಟ್ಟೆ.

ಅವರು ತಲೆ ಅಲ್ಲಾಡಿಸಿದರು. "ಅದಕ್ಕೇ ಅಂದರೆ ಸುಳ್ಳಾಗ್ತದೆ ಮಾರಾಯ್ತಿ. ಇಂಥದ್ದು ಎಷ್ಟು ಜನಕ್ಕೆ ಆಗಿರುವುದಿಲ್ಲ? ಅವರೆಲ್ಲ ಮಗನ ಹತ್ತಿರ ಅಡಗಿಸಿ ಕೊಡೆ ತರ್ತಾರಾ? ನನ್ನಲ್ಲಿ ಎಂತದೋ ಸರಿ ಇಲ್ಲ, ಅಷ್ಟೆ."

ಆಮೇಲಿನ ಕೆಲವು ತಿಂಗಳು ಚೆನ್ನಾಗಿಯೇ ಹೋದವು. ಚೀಲಗಳನ್ನು ಒಂದು ಆಶ್ರಮದವರು ಬಂದು ಒಯ್ದರು. ಒಂದು ಶನಿವಾರ ನಾವಿಬ್ಬರೂ ಮಾಟುಂಗಕ್ಕೆ ಹೋಗಿ, ಒಂದು ನೂಲಿನ ಸೀರೆಯನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿ, 'ಬೇಡ' ಎಂದು ಬರಿಗೈಯಲ್ಲಿ ಹಿಂತಿರುಗಿದೆವು. ಬಸ್ಸಿನಲ್ಲಿ ಅವರು ನನ್ನ ಕೈ ಹಿಡಿದುಕೊಂಡಿದ್ದರು. ಇಳಿಯುವ ತನಕ ಬಿಡಲಿಲ್ಲ.

ಅಷ್ಟರಲ್ಲಿ ಪ್ರಶಾಂತ ಬದಲಾಪುರದಲ್ಲಿ ಫ್ಲ್ಯಾಟು ತೆಗೆದುಕೊಂಡ. ಮಾರ್ಕೆಟ್ಟಿನಿಂದ ದೂರ ಇರುವುದು ಅಮ್ಮನಿಗೆ ಒಳ್ಳೆಯದು ಎಂಬುದೂ ಅವನ ಲೆಕ್ಕದಲ್ಲಿತ್ತು. ಫೋನು ಬದಲಿಸಿ, ಬರೀ ಮಾತಾಡಲು ಬರುವ ಬಟನ್ ಫೋನು ಕೊಟ್ಟ. ಅವರು ಹೋದ ಮೇಲೆ ಆಸ್ಪತ್ರೆಯ ಭೇಟಿಗಳು ನಿಂತವು. ಅಷ್ಟು ದೂರದಿಂದ ಆ ಕಾಲಿನಲ್ಲಿ ಲೋಕಲ್ ಹತ್ತಿಸಿ ಕರೆತರುವುದು ಆಗುತ್ತಿರಲಿಲ್ಲ. ಆಪರೇಷನ್ನೂ ಮುಂದೆ ಮುಂದೆ ಹೋಯಿತು.

ದಸರಾ ರಜೆಯಲ್ಲಿ ನಾನು ಅವರನ್ನು ನೋಡಲು ಹೋದೆ. ಮಾಟುಂಗದಿಂದ ಎರಡು ಮೊಳ ಮಲ್ಲಿಗೆ ಒಯ್ದಿದ್ದೆ. ಅವರ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಗೋಡೆಯ ಕಪಾಟಿನಲ್ಲಿ ಮಡಚಿಟ್ಟ ಐದಾರು ಸೀರೆ, ಅಷ್ಟೆ. "ಈಗ ಅಮ್ಮಾ ಏನೂ ಮಾಂಗತೀಚ್ ನಹೀ, ಕೇಳುವುದೇ ಇಲ್ಲ ಆಂಟಿ. ಎಕ್ದಮ್ ಠೀಕ್" ಎಂದ ಪ್ರಶಾಂತ. ಅವನ ದನಿಯಲ್ಲಿ ನೆಮ್ಮದಿ ಇತ್ತು. ವಾರಿಜಕ್ಕ ಬಾಲ್ಕನಿಯಲ್ಲಿ ಕೂತಿದ್ದರು. ತುಂಬ ಇಳಿದುಹೋಗಿದ್ದರು. ಹೂವನ್ನು ಒಮ್ಮೆ ಮೂಸಿ ಮೃಣಾಲ್ ಕೈಗೆ ಕೊಟ್ಟರು. ಚಾ ಕುಡಿಯೋಣ ಎಂದರೆ ಬೇಡ. ಕೆಳಗೆ ಒಂದು ಸುತ್ತು ಹೋಗೋಣ ಎಂದರೆ ಬೇಡ.

"ಈಗ ಎಂತದೂ ಬೇಡ ಅನ್ನಿಸ್ತದೆ ಶಾಲಿನಿ. ಎಂತದೂ" ಎಂದರು. ಆಮೇಲೆ, "ನೀನು ಆವತ್ತು ಬಾಗಿಲು ತೆಗೆದದ್ದು ಒಳ್ಳೆಯದಾಯ್ತು ಅಂತ ಎಲ್ಲರೂ ಹೇಳ್ತಾರೆ. ಆಗಿರಬಹುದು" ಎಂದರು. ಕೋಪವಿರಲಿಲ್ಲ. ಕೋಪ ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನಾನು ಹೊರಟಾಗ ಬಾಗಿಲ ತನಕವೂ ಬರಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಮೃಣಾಲ್ ಫೋನ್ ಮಾಡಿದಳು. ನಸುಕಿನಲ್ಲಿ ಎದೆ ನೋವು ಎಂದ ವಾರಿಜಕ್ಕ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದರು. ನಾನು ತಲುಪುವಾಗ ಹತ್ತು ಗಂಟೆ ಕಳೆದಿತ್ತು. ಹಜಾರದಲ್ಲಿ ಮಲಗಿಸಿದ್ದರು. ಹೊದಿಸಲು ಹೊಸ ಸೀರೆ ಬೇಕು ಎಂದು ಯಾರೋ ಹಿರಿಯರು ಹೇಳಿದರು. ಪ್ರಶಾಂತ ನನ್ನನ್ನು ಕರೆದುಕೊಂಡು ಸ್ಟೇಷನ್ ಹತ್ತಿರದ ಅಂಗಡಿಗೆ ಹೋದ. ಆಗಷ್ಟೇ ಶಟರ್ ಎತ್ತಿದ್ದರು. ಅಂಗಡಿಯವನು ನಾಲ್ಕು ಸೀರೆ ಬಿಡಿಸಿ ಹಾಕಿದ.

"ಆಂಟಿ, ಅಮ್ಮಾಗೆ ಯಾವ ಬಣ್ಣ ಇಷ್ಟ?"

ನಾನು ಯೋಚಿಸಿದೆ. ಒಂದು ಇಡೀ ಕಪಾಟು ತುಂಬ ಅವರ ಚೀಲಗಳನ್ನು ವರ್ಷಗಟ್ಟಲೆ ಇಟ್ಟುಕೊಂಡವಳು ನಾನು. ಎಷ್ಟು ಯೋಚಿಸಿದರೂ ಒಂದು ಬಣ್ಣ ನೆನಪಿಗೆ ಬರಲಿಲ್ಲ. ನನಗೂ ಗೊತ್ತಿಲ್ಲ ಎಂದೆ.

"ದೂಸ್ರಾ ದಿಖಾವ್" ಎಂದ ಪ್ರಶಾಂತ. ಅಂಗಡಿಯವನು ಇನ್ನಷ್ಟು ತೆಗೆದ. ಇದು ಒರಟು, ಇದರ ಅಂಚು ಸರಿಯಿಲ್ಲ, ಇದು ತುಂಬ ಕಪ್ಪು. ಸೀರೆಗಳು ಗುಡ್ಡೆಯಾದವು. ಅವನ ಜೇಬಿನಲ್ಲಿ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ಅವನು ತೆಗೆಯಲಿಲ್ಲ. "ಔರ್ ಏಕ್ ದಿಖಾವ್ ಭಾಯ್, ಔರ್ ಏಕ್" ಎನ್ನುತ್ತಲೇ ಇದ್ದ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ.

ಕೊನೆಗೆ ನಾನೇ ಒಂದು ಹಸಿರು ಸೀರೆಯನ್ನು ಎತ್ತಿ ಅವನ ಕೈಗಿಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಇದು ಅವಳಿಗೆ ಇಷ್ಟ ಆಗ್ತದಾ ಆಂಟಿ?"

"ಆಗ್ತದೆ" ಎಂದೆ.