ನಾರ್ವದಲ್ಲಿ ಇಲ್ಲದ ಹೆಂಗಸು

ಬೀರಮ್ಮ, ನಾನು ನಿಮಗೆ ಸುಳ್ಳು ಹೇಳಿದೆ. ನಾರ್ವ ಊರಿನಲ್ಲಿ ಅಂಥ ಹೆಂಗಸು ಯಾರೂ ಇರಲಿಲ್ಲ — ಆ ಗಳಿಗೆಗೆ ನಾನೇ ಹುಟ್ಟಿಸಿದವಳು. ಇಷ್ಟು ವರ್ಷವಾದರೂ ಅವಳು ನನ್ನನ್ನು ಬಿಟ್ಟಿಲ್ಲ. ಯಾರ ಕಷ್ಟ ಕೇಳಲು ಕೂತರೂ ಅವರ ಪಕ್ಕದಲ್ಲೇ ಬಂದು ಕೂರುತ್ತಾಳೆ.

ತೆಲಂಗಾಣ ಬೇರೆ ರಾಜ್ಯವಾದ ಹೊಸತು. ಗದ್ವಾಲದಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದ ನಾನು ವಾರಕ್ಕೊಮ್ಮೆ ಮಕ್ತಲ್‌ಗೆ ಬಂದು ನೊಂದವರೊಡನೆ ಆಪ್ತಸಮಾಲೋಚನೆ ನಡೆಸುತ್ತಿದ್ದೆ. ಸಂಕಟದ ಬುಡದಲ್ಲಿ ಒಂದು ತಪ್ಪು ತೀರ್ಮಾನ ಇರುತ್ತದೆ, ಅದನ್ನು ಕಿತ್ತರೆ ಸಾಕು ಎಂದು ನಂಬಿದ್ದೆ. ಎಂಥ ಸೊಕ್ಕು ನನ್ನದು!

ಮಗ ತೀರಿಕೊಂಡ ಮೇಲೆ ನೀವು ಊಟ ಬಿಟ್ಟಿದ್ದಿರಿ. ನಿಮ್ಮ ತಮ್ಮ ಉಟ್ಕೂರಿನಿಂದ ಆಟೊದಲ್ಲಿ ಕರೆತಂದ.

"ಮಗಗ ಜ್ವರ ಬಂದಾಗ ಬೀರಪ್ಪಗ ಕಂಬಳಿ ಕೊಡ್ತೀನಂತ ಹರಕಿ ಹೊತ್ತಿದ್ದೆರೀ ಸಾರ್. ಜ್ವರ ಬಿಡ್ತು, ನಾ ಕೊಡಲಿಲ್ಲ. ಅದಕ್ಕ ಮುಂದಿನ ವರ್ಷ ಕೂಸು ಹೋತು."

ಯಾವುದನ್ನೂ ಸುಮ್ಮನೆ ನಂಬಬೇಡಿ, ಸಾಕ್ಷಿ ಕೇಳಿ ಎಂದೆ. ಹರಕೆ ತಪ್ಪಿಸಿಯೂ ಮಗ ಬದುಕಿರುವ ಒಬ್ಬ ತಾಯಿ ಸಿಕ್ಕರೆ ನಿಮ್ಮ ಮಾತು ಬಿದ್ದುಹೋಗುತ್ತದೆ ಎಂದೆ.

"ಅಂಥಾಕಿ ಅದಾಳೇನ್ರೀ?"

ಹುಡುಕಿದ್ದರೆ ಹತ್ತು ಮಂದಿ ಸಿಗುತ್ತಿದ್ದರು. ಹುಡುಕುವ ತಾಳ್ಮೆ ಯಾರಿಗಿತ್ತು — "ನಾರ್ವದಾಗ ಒಬ್ಬಾಕಿ ಅದಾಳಮ್ಮ" ಅಂದುಬಿಟ್ಟೆ. ವಾದದ ಕಟ್ಟು ಸರಿಯಿದ್ದರೆ ಸಾಲದು, ಅದು ನಿಂತಿರುವ ಮಾತೂ ನಿಜವಿರಬೇಕು ಎಂದು ತರಗತಿಯಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದವನು ನಾನೇ. ನಿಮ್ಮ ಮುಖಕ್ಕೆ ಜೀವ ಬಂತು. ಆ ದಿನ ನನ್ನೆದುರೇ ಚಹಾ ಕುಡಿದಿರಿ. ಗೆದ್ದೆ ಅಂದುಕೊಂಡೆ.

ಮೂರು ವಾರ ಬಿಟ್ಟು ಬಂದಿರಿ, ಒಬ್ಬರೇ. ಕಾಲು ಬಾತಿದ್ದವು. ನಾನು ಕಲಿಸಿದ್ದನ್ನೇ ಮಾಡಿದ್ದಿರಿ — ಸಾಕ್ಷಿ ಬೇಕೆಂದು ನಾರ್ವದಲ್ಲಿ ಮನೆ ಮನೆ ತಿರುಗಿದ್ದಿರಿ.

"ಆಕಿ ಇಲ್ಲರೀ ಸಾರ್. ಯಾರಿಗೂ ಗೊತ್ತಿಲ್ಲ. ಆಕಿ ಮಗನೂ ಸತ್ತು, ಊರು ಬಿಟ್ಟಾಳೇನು?"

ಸುಳ್ಳು ಹೇಳಿದೆ, ತಪ್ಪಾಯಿತು ತಾಯಿ — ಇಷ್ಟು ಸಾಕಿತ್ತು. ಬಾಗಿಲಲ್ಲಿ ನಾಲ್ಕು ಜನ ಕಾಯುತ್ತಿದ್ದರು. ನನ್ನ ಹೆಸರು, ನನ್ನ ಮರ್ಯಾದೆ... ಛೀ.

"ಇರಬಹುದು" ಎಂದೆ.

ನೀವು ಅಳಲಿಲ್ಲ. "ಹಂಗಾರ ನಾನೇ ಕೊಂದೀನ್ರೀ" ಎಂದು ಸೆರಗು ಹೊದ್ದು ಎದ್ದಿರಿ. ಮತ್ತೆ ಬರಲಿಲ್ಲ. ಉಟ್ಕೂರಿಗೆ ದಿನವೂ ಬಸ್ಸಿತ್ತು, ಬೀರಮ್ಮ. ನಾನೂ ಬರಲಿಲ್ಲ.