ಸಾರಿ ಹೇಳದ ಮೈನಾ

‘ಕಾವ್ಯದ ಪ್ರಯೋಜನಗಳು, ಭಾನುವಾರ ಎರಡು ಗಂಟೆ ತರಗತಿ’ ಎಂದು ವಾಟ್ಸಾಪಿನಲ್ಲಿ ಬಂದಾಗ ಕಶ್ಯಪ್ ಅದನ್ನು ನೌಕರರ ಕೌಶಲ್ಯ ತರಬೇತಿ ಎಂದೇ ನಂಬಿದ. ಪಾಯಾ ಲೆಬಾರಿನ ಅವನ ಆಫೀಸಿಗೆ ವರ್ಷಕ್ಕಿಷ್ಟು ಗಂಟೆ ತರಬೇತಿ ತೋರಿಸಬೇಕಿತ್ತು. ಹೋಗುವ ಮೊದಲೇ ಫಾರ್ಮ್ ತುಂಬಿ, ಲ್ಯಾಪ್‌ಟಾಪ್ ಹೊತ್ತು ಟೋವಾ ಪಾಯೋದ ಫ್ಲ್ಯಾಟುಗಳ ಕೆಳಗಿನ ತೆರೆದ ಜಾಗಕ್ಕೆ, ಅಂದರೆ ವಾಯ್ಡ್ ಡೆಕ್ಕಿಗೆ ಹೋದರೆ, ಅಲ್ಲಿ ಏಳು ಮಕ್ಕಳು, ಒಂದು ಚಾಪೆ, ಪ್ರಿಯಂವದಾ ಮೇಡಂ.

“ಸರ್ಟಿಫಿಕೇಟ್ ಇವತ್ತೇ ಕೊಡ್ತೀರಾ ಆಂಟಿ?” ಎಂದು ಕೇಳಿಯೂಬಿಟ್ಟ. ಮಕ್ಕಳು ಇನ್ನೂ ಅದನ್ನು ಮರೆತಿಲ್ಲ.

ಮೈಸೂರಿನ ಪ್ರಿಯಂವದಾ ಇಪ್ಪತ್ತು ವರ್ಷದಿಂದ ಈ ಪುಟ್ಟ ದ್ವೀಪದೇಶದ ಖಾಸಗಿ ಕಾಲೇಜೊಂದರಲ್ಲಿ ಯುರೋಪಿನ ಪುನರುಜ್ಜೀವನ ಕಾಲದ ಕಾವ್ಯಚಿಂತನೆಯನ್ನು ಪಾಠ ಮಾಡುತ್ತಿದ್ದರು. ಕಾವ್ಯ ಸುಳ್ಳಾಡುತ್ತದೆ, ಜನರನ್ನು ಕೆಡಿಸುತ್ತದೆ ಎಂದವರಿಗೆ ಆ ಕಾಲದ ವಿದ್ವಾಂಸರು ಕೊಟ್ಟ ಉತ್ತರ ಅವರಿಗೆ ಬಾಯಿಪಾಠ. ಕಾವ್ಯ ಒಳ್ಳೆಯದನ್ನು ಬರೀ ಹೇಳುವುದಿಲ್ಲ, ಅದರ ಮೇಲೆ ಆಸೆ ಹುಟ್ಟಿಸುತ್ತದೆ. ಮೊದಲು ಖುಷಿ, ಪಾಠ ಅದರ ಹೊಟ್ಟೆಯೊಳಗೆ. ಭಾನುವಾರಗಳಂದು ಇದರ ಪ್ರಯೋಗ ಮಕ್ಕಳ ಮೇಲೆ. ಕಶ್ಯಪ್ ಚಾಪೆ ಹಾಸುವ ಹುದ್ದೆಯಲ್ಲಿ ಖಾಯಂ ಆದ.

ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಒಂದು ರೂಢಿಯಿತ್ತು: ಮಕ್ಕಳ ಪದ್ಯ ಮುಗಿದೊಡನೆ ಪರದೆಯ ಮೇಲೆ ಅದರ ‘ನೀತಿ’ ಮೂಡಬೇಕು. ಈ ಸಲ ಮಕ್ಕಳೇ ಕಟ್ಟಿದ್ದು ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ತಾತನೊಬ್ಬನ ತಟ್ಟೆಯಿಂದ ದೋಸೆ ಹಾರಿಸಿದ ಮೈನಾ ಹಕ್ಕಿಯ ಪದ್ಯ. ಮೈನಾ ಸಿಕ್ಕಿಬೀಳುವುದಿಲ್ಲ. ತಾತ ನಕ್ಕು, ಉಳಿದ ಚೂರನ್ನೂ ಅದರತ್ತ ತಳ್ಳುತ್ತಾನೆ. ಅಷ್ಟೇ.

ಅಭ್ಯಾಸ ನೋಡಲು ಸಂಘದ ಅಧ್ಯಕ್ಷ, ಬ್ಯಾಂಕಿನ ಬದರೀನಾಥ ಬಂದರು.

“ಮೇಡಂ, ಇಲ್ಲಿ ಹಕ್ಕಿಗೆ ತಿನ್ನಿಸಿದ್ರೆ ಫೈನ್ ಹಾಕ್ತಾರೆ. ‘ಕದಿಯಬಾರದು, ನಿಯಮ ಮೀರಬಾರದು’ ಅಂತ ಒಂದು ಸ್ಲೈಡ್ ಹಾಕ್ಬಿಡಿ. ಇಲ್ಲಾಂದ್ರೆ ಈ ಐಟಂ ಡ್ರಾಪ್ ಮಾಡ್ಬೇಕಾಗುತ್ತೆ.”

“ಸಕ್ಕರೆ ಸವರಿದ ಮಾತ್ರೆ ಮೇಲೆ ‘ಎಚ್ಚರ, ಕಹಿ’ ಅಂತ ಚೀಟಿ ಅಂಟಿಸ್ತೀರಾ ಸಾರ್? ಆ ತಾತ ಯಾಕೆ ನಕ್ಕ ಅಂತ ಈ ಮಕ್ಕಳು ವಾರವೆಲ್ಲಾ ಕಿತ್ತಾಡಿದಾರೆ. ಅದೇ ಪಾಠ.”

“ಸ್ಲೈಡ್ ಬೇಕಾದ್ರೆ ನಾನು ಮಾಡ್ತೀನಿ,” ಎಂದು ಕಶ್ಯಪ್ ಸಂಧಾನಕ್ಕೆ ಬಾಯಿ ಹಾಕಿದ. ಸಂಬಳ ಬರುವುದೇ ಅವನಿಗೆ ಅದರಿಂದ. ಮೇಡಂ ಒಮ್ಮೆ ತಿರುಗಿ ನೋಡಿದರು. ತೆರೆದಿದ್ದ ಲ್ಯಾಪ್‌ಟಾಪ್ ತಾನಾಗಿ ಮುಚ್ಚಿಕೊಂಡಿತು.

“ಅಂಕಲ್, ಮೈನಾ ಸಾರಿ ಹೇಳಲ್ಲ ಲಾ!” ಎಂದಳು ಒಂಬತ್ತು ವರ್ಷದ ಅನಘಾ, ಇಲ್ಲಿಯವರ ಹಾಗೆ ಕೊನೆಗೊಂದು ‘ಲಾ’ ಸೇರಿಸಿ.

ಬದರೀನಾಥರು ಅವಳನ್ನು ಬಿಟ್ಟು ಮೇಡಂ ಕಡೆ ತಿರುಗಿದರು. “ಬೇಜಾರು ಮಾಡ್ಕೋಬೇಡಿ ಮೇಡಂ. ಕಾವ್ಯ ಮನುಷ್ಯನನ್ನ ತಿದ್ದುತ್ತೆ ಅಂತೀರಿ. ಇಷ್ಟು ವರ್ಷ ಓದಿ ನೀವು ಒಳ್ಳೆಯವರಾದ್ರಾ?”

“ಇಲ್ಲ,” ಎಂದರು ಪ್ರಿಯಂವದಾ. “ನೀವು ಹೇಳೋ ಥರ ಒಳ್ಳೆಯವಳಾಗಿದ್ರೆ ಇಷ್ಟೊತ್ತಿಗೆ ಹೂಂ ಅಂದಿರ್ತಿದ್ದೆ. ಐಟಂ ತೆಗೀರಿ. ನೀತಿ ಹಾಕಲ್ಲ.”